ಮೊದಲಿನ ಫೋಟೋ

“ಯಾವ ಮುಂಡೇದು ಈ ರಸ್ತೆ ಗುಡಿಸಿದ್ದು?”

ಮೇಸ್ತ್ರಿ ಹಾಗೆ ಕಿರುಚಿದಾಗ ನಾನೂ ನನ್ನ ನಾದಿನಿಯೂ ಮುಖ ಮುಖ ನೋಡಿಕೊಂಡೆವು. ಪುರಸಭೆಯ ಪೊರಕೆ ಹಿಡಿದು ನನಗೆ ಇಪ್ಪತ್ತೆರಡು ವರ್ಷವಾಯಿತು. ಗುಡಿಸಲಿಲ್ಲವೆಂದು ಬೈಸಿಕೊಂಡಿದ್ದೇನೆ, ನೆಟ್ಟಗೆ ಗುಡಿಸಲಿಲ್ಲವೆಂದು ಬೈಸಿಕೊಂಡಿದ್ದೇನೆ. ಗುಡಿಸಿದ್ದಕ್ಕೆ ಬೈಸಿಕೊಂಡಿದ್ದು ಅದೇ ಮೊದಲು.

“ನಾನೇ. ದಿನಾ ಗುಡಿಸಲ್ವಾ?” ಎಂದೆ.

“ಇವತ್ತೊಂದು ದಿನ ಪೊರಕೆ ಮುಟ್ಟಬೇಡಿ ಅಂತ ನಿನ್ನೆ ಬಾಯಿ ಬಡ್ಕೊಂಡಿಲ್ವೇನೇ, ಬೇವರ್ಸಿ? ಹನ್ನೊಂದಕ್ಕೆ ಪರಿಶೀಲನಾ ಸಮಿತಿ ಕೂರುತ್ತೆ. ಮೊದಲಿನ ಫೋಟೋ, ನಂತರದ ಫೋಟೋ, ಎರಡೂ ಬೇಕು. ಈಗ ಮೊದಲಿನದಕ್ಕೆ ನಿಮ್ಮಪ್ಪನ ಮುಖ ತೋರಿಸ್ಲಾ?”

ಅವನು ಹೇಳಿದ್ದೇನೋ ನಿಜ. ಆದರೆ ಬೆಳಗಿನ ಜಾವ ಪೊರಕೆ ಕೈಗೆ ಬಂದರೆ ಸಾಕು, ಕೈ ತನ್ನ ಪಾಡಿಗೆ ತಾನು ಗುಡಿಸಿಕೊಂಡು ಹೋಗುತ್ತದೆ. ನನಗೆ ಅವನ ಮಾತು ನೆನಪಾಗುವಷ್ಟರಲ್ಲಿ ರಸ್ತೆ ಮುಗಿದೇ ಹೋಗಿತ್ತು.

ಪುರಸಭೆ ತನ್ನ ಕೆಲಸವನ್ನು ತಾನೇ ಪರೀಕ್ಷಿಸಿ ತನಗೆ ತಾನೇ ಅಂಕ ಕೊಟ್ಟುಕೊಳ್ಳುವ ಏರ್ಪಾಡು ಅದು. ಮೂರು ತಿಂಗಳಿಗೊಮ್ಮೆ ನಡೆಯುತ್ತದೆ. ಮೊದಲಿನ ಫೋಟೋದಲ್ಲಿ ಕಸ ಇರಬೇಕು, ನಂತರದ್ದರಲ್ಲಿ ಇರಬಾರದು. ಮೊದಲೇ ಚೊಕ್ಕಟವಾಗಿರುವ ರಸ್ತೆಗೆ ಸೊನ್ನೆ. ಯಾಕೆಂದರೆ ಅಲ್ಲಿ ಸುಧಾರಣೆಯೇ ಆಗಿಲ್ಲವಲ್ಲ.

“ಎಲ್ಲಿಂದಾದ್ರೂ ಕಸ ತನ್ನಿ. ಒಂಬತ್ತರೊಳಗೆ ಈ ರಸ್ತೆ ನೋಡಿದೋರಿಗೆ ವಾಂತಿ ಬರಬೇಕು,” ಎಂದ ಮೇಸ್ತ್ರಿ.

ನಾದಿನಿ ನನ್ನ ಸೊಂಟ ತಿವಿದಳು. “ಅತ್ತಿಗೆ, ನಮ್ಮ ಓಣಿ ಬಾಯಲ್ಲಿರೋದು?”

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಟ್ರ್ಯಾಕ್ಟರ್ ಕೆಟ್ಟಿದೆ ಎಂದು ಐದು ತಿಂಗಳಿಂದ ಊರ ಕಸವನ್ನೆಲ್ಲ ನಮ್ಮ ಓಣಿಯ ಬಾಯಲ್ಲೇ ಸುರಿಯುತ್ತಿದ್ದರು. ಅದು ಎದೆಮಟ್ಟ ಬೆಳೆದು ನಿಂತಿತ್ತು. ಎರಡು ತಿಂಗಳ ಹಿಂದೆ ಪಕ್ಕದ ಮನೆಯವಳಿಗೆ ನೋವು ಬಂದಾಗ ಆಂಬುಲೆನ್ಸ್ ಆಚೆಯೇ ನಿಂತಿತು. ಕಂಬಳಿಯಲ್ಲಿ ಅವಳನ್ನು ಎತ್ತಿಕೊಂಡು ಗುಡ್ಡೆ ಹತ್ತಿ ಇಳಿಯುವಷ್ಟರಲ್ಲಿ ಕೂಸು ಅಲ್ಲೇ ಬಿತ್ತು. ಉಳಿಯಲಿಲ್ಲ. ಈಗ ನನ್ನ ಮಗಳಿಗೆ ದಿನ ತುಂಬಿದೆ. ಮೂರು ಸಲ ದೂರು ಕೊಡಲು ಹೋಗಿದ್ದೆ. “ಕಸ ಗುಡಿಸೋರೇ ನಮ್ಮ ಓಣೀಲಿ ಕಸ ಇದೆ ಅಂತ ದೂರು ತರ್ತೀರಲ್ಲ, ನಾಚಿಕೆ ಆಗಲ್ವೇನೇ?” ಎಂದು ಮೇಸ್ತ್ರಿ ಚೀಟಿ ಹರಿದು ಕೈಗೆ ಕೊಟ್ಟಿದ್ದ. ಆ ಚೂರುಗಳನ್ನೂ ನಾನೇ ಗುಡಿಸಿದೆ.

ಓಣಿಗೆ ಓಣಿಯೇ ಎದ್ದು ಬಂತು. ಎಂಟು ತಳ್ಳುಗಾಡಿ ತುಂಬಿತು. ನನ್ನ ಸೋದರಮಾವ, ಅರವತ್ತು ದಾಟಿದವನು, ಮೊದಲ ಗಾಡಿಯನ್ನು ಮದುವೆ ದಿಬ್ಬಣ ಹೊರಟವನ ಹಾಗೆ ತಳ್ಳಿಕೊಂಡು ಬಂದ. ನಾವು ಗುಡಿಸಿದ್ದ ರಸ್ತೆಯ ಮೇಲೆ ನಾವೇ ಕಸ ಸುರಿದೆವು. ಮೇಸ್ತ್ರಿ ಮೊಬೈಲ್ ಹಿಡಿದು ಹಿಂದೆ ಮುಂದೆ ಓಡಾಡಿದ.

“ಆ ಹರಿದ ಚಪ್ಪಲಿ ಮೇಲಕ್ಕಿಡು. ಇನ್ನೊಂಚೂರು ಹರಡು. ಸತ್ತ ಇಲಿ ಇಲ್ವಾ?”

“ಎರಡಿದಾವೆ ಸಾಮಿ,” ಎಂದ ಮಾವ. “ಗಂಡ ಹೆಂಡ್ತಿ ಇರಬೇಕು. ಜೋಡಿಯಾಗೇ ಮಲಗಿಸ್ಲಾ?”

ಮೊದಲಿನ ಫೋಟೋ ಆಯಿತು. ಮತ್ತೆ ಎಲ್ಲವನ್ನೂ ಬಾಚಿ ಗಾಡಿಗೆ ತುಂಬಿ, ಗುಡಿಸಿ, ಬೆವರು ಒರೆಸಿಕೊಳ್ಳುತ್ತಾ ನಿಂತೆವು. “ಪಕ್ಕಕ್ಕೆ ಹೋಗ್ರೇ, ಫೋಟೋ ಗಲೀಜಾಗುತ್ತೆ,” ಎಂದು ನಮ್ಮನ್ನು ಚರಂಡಿಯ ಆಚೆಗೆ ಅಟ್ಟಿ ನಂತರದ ಫೋಟೋ ತೆಗೆದುಕೊಂಡ.

ಆಮೇಲೆ ನನ್ನ ಕಡೆ ಬೆರಳು ತೋರಿಸಿದ. “ನೀನು ಬಾ. ಸಮಿತೀಲಿ ಸಾರ್ವಜನಿಕರು ಒಬ್ಬರು ಇರಬೇಕಂತೆ.”

“ನಾನು ಪುರಸಭೆ ಆಳಲ್ವಾ?”

“ಕೆಲಸ ಖಾಯಂ ಮಾಡಿ ಅಂತ ಅರ್ಜಿ ಕೊಟ್ಟಾಗ ಏನಂದ್ರು? ನೀನು ನಮ್ಮೋಳೇ ಅಲ್ಲ ಅಂದ್ರಲ್ಲ. ಅಂದ್ಮೇಲೆ ನೀನು ಸಾರ್ವಜನಿಕರೇ. ತೃಪ್ತಿ ಇದೆ ಅನ್ನು, ಬಾಯಿ ಮುಚ್ಚು.”

ಸಭಾಂಗಣದಲ್ಲಿ ಮೂಲೆಯ ಕುರ್ಚಿಗೆ ಹಳೇ ಪೇಪರ್ ಹಾಸಿ ನನ್ನನ್ನು ಕೂರಿಸಿದರು. ಕುರ್ಚಿ ಕೊಳೆಯಾಗಬಾರದಲ್ಲ. ಪುರಸಭೆಯ ಅಧ್ಯಕ್ಷರೇ ಪರಿಶೀಲನಾ ಸಮಿತಿಗೂ ಅಧ್ಯಕ್ಷರು. ಮೇಜಿನ ಈಚೆ ಕೂತು ಕನ್ನಡಕ ಹಾಕಿಕೊಂಡು ಕೇಳಿದರು: “ಮುಖ್ಯರಸ್ತೆ ಸ್ವಚ್ಛತೆ ಹೇಗಿದೆ, ಅಧ್ಯಕ್ಷರೇ?”

ಎದ್ದರು. ಮೇಜು ಸುತ್ತಿ ಆಚೆಯ ಕುರ್ಚಿಯಲ್ಲಿ ಕೂತು ಕನ್ನಡಕ ತೆಗೆದರು. “ಬಹಳ ಸುಧಾರಿಸಿದೆ, ಅಧ್ಯಕ್ಷರೇ. ಫೋಟೋ ಲಗತ್ತಿಸಿದೆ.”

ಮತ್ತೆ ಈಚೆ ಬಂದು ಕನ್ನಡಕ ಏರಿಸಿ ಗದರಿದರು. “ಹೋದ ಸಲ ಒಂಬತ್ತೇ ಅಂಕ ಬಂದಿತ್ತಲ್ಲ, ಏನ್ ಮಾಡ್ತಿದ್ರಿ?” ಆಚೆ ಹೋಗಿ ತಲೆ ತಗ್ಗಿಸಿ, “ತಪ್ಪಾಯ್ತು,” ಎಂದರು. ಈಚೆ ಬಂದು ಹತ್ತಕ್ಕೆ ಹತ್ತು ಕೊಟ್ಟರು. ಏಳು ಸಲ ಮೇಜು ಸುತ್ತುವಷ್ಟರಲ್ಲಿ ಪಾಪ, ಏದುಸಿರು ಬರುತ್ತಿತ್ತು. ಒಬ್ಬರೂ ನಗಲಿಲ್ಲ. ನಾನೂ ನಗಲಿಲ್ಲ, ಸಾರ್ವಜನಿಕಳಲ್ಲವೇ.

“ಸಾರ್ವಜನಿಕರಿಗೆ ತೃಪ್ತಿ ಇದೆಯಾ?”

ಮೇಸ್ತ್ರಿ ಹಿಂದಿನಿಂದ ಕುರ್ಚಿಗೆ ಒದ್ದ. ನಾನು ಎದ್ದು ನಿಂತೆ. “ನಮ್ಮ ಓಣಿ ಬಾಯಿ ಇವತ್ತು ಖಾಲಿಯಾಗಿದೆ ಸಾಮಿ. ಕಸ ಎಂಟು ಗಾಡೀಲಿದೆ. ಅದನ್ನ ಊರಾಚೆ ಹಾಕಿಸಿ. ಅಷ್ಟಾದ್ರೆ ತೃಪ್ತಿ.”

ಅಧ್ಯಕ್ಷರು ಮೇಸ್ತ್ರಿಯ ಕಡೆ ತಿರುಗಿದರು. “ಮೊದಲಿನ ಫೋಟೋದಲ್ಲಿರೋ ಕಸವಾ? ಅದನ್ನ ಊರಾಚೆ ಹಾಕೋದಾ? ಮೂರು ತಿಂಗಳಿಗೆ ಮತ್ತೆ ಬೇಕಲ್ಲಯ್ಯಾ. ಇಂಥಾ ಒಳ್ಳೆ ಕಸ ಮತ್ತೆಲ್ಲಿ ಹುಡುಕ್ತೀಯ? ಎಲ್ಲಿತ್ತೋ ಅಲ್ಲೇ ಜೋಪಾನವಾಗಿ ಇಡಿಸು.”

ಗುಮಾಸ್ತ ಆಗಲೇ ಓದುತ್ತಾ ಬರೆದುಕೊಳ್ಳುತ್ತಿದ್ದ: “ಪರಿಶೀಲನಾ ಸಾಮಗ್ರಿ, ಎಂಟು ಗಾಡಿ. ಕಾವಲು, ಓಣಿಯ ನಿವಾಸಿಗಳು.” ಆಮೇಲೆ ನನ್ನ ಕಡೆ ನೋಡಿ, “ಒಂದು ಚಪ್ಪಲಿ ಕಮ್ಮಿಯಾದ್ರೂ ನಿಮ್ಮನ್ನೇ ಕೇಳೋದು,” ಎಂದ.

“ಸಾಮಿ, ನನ್ನ ಮಗಳಿಗೆ ದಿನ ತುಂಬಿದೆ.”

“ಅಭಿನಂದನೆಗಳು,” ಎಂದರು ಅಧ್ಯಕ್ಷರು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಹಾ ಬಂತು. ನಾನು ಎದ್ದು ಹೊರಗೆ ನಡೆದೆ.

ಅದೇ ಮುಖ್ಯರಸ್ತೆ ಬದಿಯಲ್ಲಿದ್ದ ಗಾಡಿಗಳ ಹತ್ತಿರ ನಾದಿನಿ ಏದುಸಿರು ಬಿಡುತ್ತಾ ನಿಂತಿದ್ದಳು. “ಅತ್ತಿಗೆ, ಮಗಳಿಗೆ ನೋವು ಶುರುವಾಗಿದೆ. ಆಂಬುಲೆನ್ಸಿಗೆ ಫೋನ್ ಮಾಡಿದೀನಿ.”

ಹಿಂದೆಯೇ ಬಂದ ಮೇಸ್ತ್ರಿ ಕೂಗಿದ: “ಗಾಡಿ ಓಣಿಗೆ ತಿರುಗಿಸ್ರೋ. ಎತ್ತಿದ ಜಾಗದಲ್ಲೇ ಸುರೀರಿ.”

ಮಾವ ನನ್ನ ಮುಖ ನೋಡಿದ. ನಾನು ಅವನ ಕೈಯಿಂದ ಗಾಡಿಯ ಹಿಡಿ ಕಿತ್ತುಕೊಂಡು ಸಭಾಂಗಣದ ಕಡೆ ತಿರುಗಿಸಿದೆ. ಅಧ್ಯಕ್ಷರ ಕಾರು ಹತ್ತಲು ಮಾಡಿಸಿದ ಇಳಿಜಾರು ಬಾಗಿಲವರೆಗೂ ಇತ್ತು. ಗಾಡಿ ನುಣ್ಣಗೆ ಹತ್ತಿತು. ಆ ಸಭಾಂಗಣಕ್ಕಿರುವುದು ಒಂದೇ ಬಾಗಿಲು. ಮೊದಲ ಗಾಡಿ ನಾನು ಮಗುಚಿದೆ. ಎರಡನೆಯದು ನಾದಿನಿ. ಉಳಿದವರನ್ನು ಯಾರೂ ಕರೆಯಬೇಕಾಗಲಿಲ್ಲ. ಮೇಸ್ತ್ರಿ, “ಬೋಳೀಮಕ್ಕಳಾ, ಕೆಲಸ ಹೋಗುತ್ತೆ ನಿಮ್ದು,” ಎನ್ನುತ್ತಾ ಅಡ್ಡ ಬಂದ. ಎಂಟನೆಯ ಗಾಡಿ ಅವನನ್ನು ಮೊಣಕಾಲವರೆಗೆ ಮುಚ್ಚಿತು.

ಗುಡ್ಡೆಯ ಆಚೆಯಿಂದ ಅಧ್ಯಕ್ಷರ ತಲೆ ಕಾಣಿಸಿತು, ಕೈಯಲ್ಲಿ ಚಹಾದ ಲೋಟ. “ಏಯ್, ಯಾರದು? ನಾನು ಹೊರಗೆ ಬರೋದು ಹೇಗೆ?”

“ಹತ್ತಿ ಇಳೀರಿ ಸಾಮಿ,” ಎಂದೆ. “ಐದು ತಿಂಗಳಿಂದ ನಾವು ಹಾಗೇ ಓಡಾಡಿದೀವಿ.”

ಕಸದಲ್ಲಿ ಹೂತು ನಿಂತಿದ್ದ ಮೇಸ್ತ್ರಿಗೆ ಹೇಳಿದೆ: “ಫೋಟೋ ತೆಗಿ. ಇದು ಮೊದಲಿನದು.”

ಅಭ್ಯಾಸಬಲ, ಅವನು ಮೊಬೈಲ್ ತೆಗೆದ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದ. “ನಂತರದ್ದು?”

ನಾನು ಪೊರಕೆಯನ್ನು ಗುಡ್ಡೆಯ ನೆತ್ತಿಗೆ ನೆಟ್ಟು ಓಣಿಯ ಕಡೆ ಓಡಿದೆ. ಓಣಿಯ ಬಾಯಲ್ಲಿ ಐದು ತಿಂಗಳು ಕಸ ಕೂತು ಕಪ್ಪಾಗಿದ್ದ ಹಸಿ ನೆಲದ ಮೇಲೆ ಆಂಬುಲೆನ್ಸಿನ ಚಕ್ರದ ಗುರುತು ಒಳಗೆ ಹೋಗಿತ್ತು, ನಮ್ಮ ಮನೆ ಬಾಗಿಲವರೆಗೂ.