ಕುರುಡಿಯ ಪಾತ್ರಕ್ಕೆ ದನಿ

ನನ್ನ ನಾದಿನಿಗೆ ಕುರುಡಿಯ ಪಾತ್ರ ಸಿಕ್ಕಿತು. ನನಗೆ ಸಿಗಲಿಲ್ಲ. ನಾನು ಹುಟ್ಟುಗುರುಡಿ. ಅವಳೋ ಕತ್ತಲಲ್ಲೂ ಸೂಜಿಗೆ ದಾರ ಪೋಣಿಸುವವಳು. ನಗುವವರು ನಗಲಿ, ನನಗೆ ಮಾತ್ರ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು.

ನಾನು ದನಿ ಕೊಡುವವಳು. ಬೇರೆ ಭಾಷೆಯ ಧಾರಾವಾಹಿಗಳು ನಮ್ಮ ಸ್ಟುಡಿಯೋಗೆ ಬರುತ್ತವೆ. ತೆರೆಯ ಮೇಲೆ ಯಾರೋ ಬಾಯಿ ಆಡಿಸುತ್ತಾರೆ, ನಮ್ಮ ಭಾಷೆಯಲ್ಲಿ ನಾನು ಮಾತಾಡುತ್ತೇನೆ. ಸೊಸೆಯನ್ನು ಹುರಿದು ಮುಕ್ಕುವ ಅತ್ತೆ, ಹಾಲಿಗೆ ವಿಷ ಬೆರೆಸುವ ಸವತಿ, ಪೊಲೀಸ್ ಅಧಿಕಾರಿ, ಎಲ್ಲ ಆಗಿದ್ದೇನೆ. ತೆರೆ ನನಗೆ ಕಾಣದಲ್ಲ, ಅದಕ್ಕೇ ನಾದಿನಿಯನ್ನು ಜೊತೆಗೆ ಕರೆತಂದದ್ದು. ಅವಳು ಸಾಲು ಓದಿ ಹೇಳಬೇಕು, ನಾನು ಬಾಯಿಪಾಠ ಮಾಡಿಕೊಳ್ಳಬೇಕು, ತೆರೆಯ ಮೇಲಿನವಳು ಬಾಯಿ ತೆರೆಯುವ ಹೊತ್ತಿಗೆ ಅವಳು ನನ್ನ ಭುಜ ತಟ್ಟಬೇಕು. ಅಷ್ಟೇ ಅವಳ ಕೆಲಸ. ಭುಜ ತಟ್ಟಲು ಬಂದವಳು ತಲೆಯ ಮೇಲೇ ಹತ್ತಿ ಕೂತಳು.

ಹೊಸ ಧಾರಾವಾಹಿಯ ನಾಯಕಿ ಕುರುಡಿ ಎಂದು ತಿಳಿದಾಗ ನನಗೆ ಹಿಗ್ಗೋ ಹಿಗ್ಗು. ಇಷ್ಟು ವರ್ಷ ಕಣ್ಣಿದ್ದ ಕೇಡಿಗಳಿಗೆಲ್ಲ ದನಿಯಾದೆ, ಇದೊಂದನ್ನು ನನ್ನಿಂದ ಯಾರು ಕಿತ್ತುಕೊಂಡಾರು ಎಂದುಕೊಂಡಿದ್ದೆ. ಪರೀಕ್ಷೆಗೆ ಕೊಟ್ಟ ಸಾಲು "ಯಾರದು? ಬಾಗಿಲಲ್ಲಿ ಯಾರು ನಿಂತಿರೋದು?" ಎಂಬುದು. ನಾನು ದಿನಬೆಳಗಾದರೆ ಕೇಳುವ ಮಾತು. ಮನೆಯಲ್ಲಿ ಕೇಳುವ ಹಾಗೇ ಕೇಳಿದೆ.

ನಿರ್ದೇಶಕರು ಗಂಟಲು ಸರಿಮಾಡಿಕೊಂಡರು. "ಚೆನ್ನಾಗಿದೆ ಅಕ್ಕ. ಆದ್ರೆ ಗದರಿಸಿದ ಹಾಗಿದೆ. ಸ್ವಲ್ಪ ಕುರುಡು ಬರಲಿ."

"ಕುರುಡು ಬರಲಿ ಅಂದ್ರೆ?"

"ಅಂದ್ರೆ, ಕೇಳಿದೋರಿಗೆ ಪಾಪ ಅನ್ನಿಸ್ಬೇಕು. ದನಿ ನಡುಗ್ಬೇಕು, ತಡಕಾಡ್ಬೇಕು."

"ತಡಕಾಡೋದು ಕೈ ಸಾರ್. ದನಿ ಯಾಕೆ ತಡಕಾಡುತ್ತೆ?"

ಅವರು ನಕ್ಕು, ನನ್ನ ಪಕ್ಕದಲ್ಲಿದ್ದ ನಾದಿನಿಗೆ "ನೀನೊಂದ್ಸಲ ಹೇಳಮ್ಮ" ಅಂದರು. ಅವಳು ತೊಯ್ದ ಬೆಕ್ಕಿನ ಮರಿಯ ಹಾಗೆ "ಯಾ...ರದು?" ಎಂದು ನರಳಿದಳು. ಸೌಂಡ್ ನೋಡಿಕೊಳ್ಳುವವನು ಗಾಜಿನಾಚೆಯಿಂದ ಮೈಕಿನಲ್ಲೇ "ಅಬ್ಬಾ" ಅಂದ. ಅಲ್ಲಿಗೆ ಮುಗಿಯಿತು.

ನನಗೆ ಸಿಕ್ಕಿದ್ದು ಆ ಕುರುಡಿಯನ್ನು ಮೆಟ್ಟಿಲ ಮೇಲಿಂದ ತಳ್ಳುವ ಚಿಕ್ಕಮ್ಮನ ಪಾತ್ರ. ಮನಸಾರೆ ತಳ್ಳಿದೆ. ನಾದಿನಿ ಪಕ್ಕದ ಮೈಕಿನ ಮುಂದೆ ಕಣ್ಣು ಮುಚ್ಚಿಕೊಂಡು ನಿಲ್ಲುತ್ತಿದ್ದಳಂತೆ. "ಮುಚ್ಚಿಕೊಂಡ್ರೆ ಭಾವ ಬರುತ್ತೆ ಅತ್ತಿಗೆ" ಅನ್ನುವಳು. ಭಾವ ಬರುತ್ತಿತ್ತೋ ಏನೋ, ಸಾಲು ಮಾತ್ರ ತಪ್ಪುತ್ತಿತ್ತು. ಕಣ್ಣು ಮುಚ್ಚಿದರೆ ತೆರೆ ಕಾಣುತ್ತದೆಯೇ? ಕೊನೆಗೆ ಸೌಂಡಿನವನೇ ಒಳಗೆ ಬಂದು ಇಬ್ಬರ ನಡುವೆ ನಿಂತು, ಒಮ್ಮೆ ಅವಳ ಭುಜ, ಒಮ್ಮೆ ನನ್ನ ಭುಜ ತಟ್ಟತೊಡಗಿದ. ಆ ಸ್ಟುಡಿಯೋದಲ್ಲಿ ಭುಜ ತಟ್ಟಿಸಿಕೊಳ್ಳುವವಳು ನಾನೊಬ್ಬಳೇ ಆಗಿದ್ದೆ. ಅದನ್ನೂ ಕಿತ್ತುಕೊಂಡಳು.

ಒಂದು ದಿನ ಕೇಳಿದಳು, "ಅತ್ತಿಗೆ, ನೀರಿನ ಲೋಟಕ್ಕೆ ಕೈ ಚಾಚುವಾಗ ನಿಮಗೆ ಒಳಗೊಳಗೆ ಏನನ್ನಿಸುತ್ತೆ?"

"ಬಾಯಾರಿಕೆ ಅನ್ನಿಸುತ್ತೆ" ಅಂದೆ.

ಮನೆಯಲ್ಲಿ ಇನ್ನೊಂದು ಪಾಡು. ಸಂಜೆ ಧಾರಾವಾಹಿ ಶುರುವಾದರೆ ಅತ್ತೆ ಮೂಗೊರೆಸುವ ಸದ್ದೂ ಶುರು. "ಕಣ್ಣಿಲ್ಲದಿದ್ರೂ ಎಷ್ಟು ತಾಳ್ಮೆ ಆ ಹುಡುಗಿಗೆ. ನೀನೂ ಇದ್ದೀಯ" ಅನ್ನುವರು. ಅವರಿಗೆ ಟೀ ತಂದುಕೊಡುವಾಗ, ಅವರೇ ದಾರಿಗೆ ಅಡ್ಡ ಎಳೆದಿಟ್ಟ ಸ್ಟೂಲಿಗೆ ನನ್ನ ಮೊಣಕಾಲು ಬಡಿಯುವುದು. "ನೋಡ್ಕೊಂಡು ಬರಬಾರ್ದೇನಮ್ಮ" ಎಂದು ಮತ್ತೆ ಟಿವಿಯ ಕಡೆ ತಿರುಗುವರು. ನಾದಿನಿಯ ಮೇಲೆ ಹೊಟ್ಟೆಕಿಚ್ಚಿತ್ತು, ಸರಿ. ಎಲ್ಲೂ ಇಲ್ಲದ ಆ ಹುಡುಗಿಯ ಮೇಲೂ ಹೊಟ್ಟೆಕಿಚ್ಚು. ಅವಳು ಎಡವಿದರೆ ಮನೆಮನೆಯಲ್ಲೂ ಅಳುತ್ತಾರೆ. ನಾನು ಎಡವಿದರೆ ಟೀ ಚೆಲ್ಲಿತಾ ಎಂದು ಕೇಳುತ್ತಾರೆ.

ಆದರೆ ಧಾರಾವಾಹಿಯಲ್ಲಿ ಕುರುಡರು ಬಹಳ ದಿನ ಕುರುಡರಾಗಿ ಉಳಿಯುವುದಿಲ್ಲ. ಬಿದ್ದು ಕಳೆದುಕೊಂಡ ಕಣ್ಣು ಇನ್ನೊಮ್ಮೆ ಬಿದ್ದರೆ ವಾಪಸ್ ಬರುತ್ತದೆ. ಚಿಕ್ಕಮ್ಮ ಮತ್ತೊಮ್ಮೆ ತಳ್ಳಿದಳು, ತಲೆಗೆ ಪೆಟ್ಟು ಬಿತ್ತು, ನಾಯಕಿಗೆ ಕಣ್ಣು ಬಂತು. ಚಿಕ್ಕಮ್ಮ ಜೈಲಿಗೆ ಹೋದಳು, ನಾನು ಬಿಡುವಾದೆ.

ನಿರ್ದೇಶಕರು ನಮ್ಮಿಬ್ಬರನ್ನೂ ಕರೆದರು. "ಇನ್ಮೇಲೆ ಆ ಅಳುದನಿ ನಡೆಯಲ್ಲ. ಈಗ ಅವಳಿಗೆ ಎಲ್ಲಾ ಕಾಣಿಸುತ್ತೆ, ಒಬ್ಬೊಬ್ಬರನ್ನೂ ವಿಚಾರಿಸಿಕೊಳ್ತಾಳೆ. ಗಟ್ಟಿ ದನಿ ಬೇಕು. ಅಕ್ಕ, ನೀವೊಂದ್ಸಲ ಹೇಳಿ."

ಸಾಲು ಹೀಗಿತ್ತು. ಕಣ್ಣು ಬಂದವಳು ಗಂಡನ ಮುಖವನ್ನು ಮೊದಲ ಸಲ ನೋಡಿ, ಗುರುತು ಸಿಗದೆ ಕೇಳುತ್ತಾಳೆ, "ಯಾರು ನೀನು? ಬಾಗಿಲಲ್ಲಿ ಯಾಕೆ ನಿಂತಿದ್ದೀಯ?" ಮನೆಯಲ್ಲಿ ಕೇಳುವ ಹಾಗೇ ಕೇಳಿದೆ. ಮೊದಲ ಪರೀಕ್ಷೆಗೆ ಕೊಟ್ಟ ಅದೇ ದನಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಇದು ನೋಡಿ ಕಣ್ಣಿರೋರ ದನಿ" ಅಂದರು ನಿರ್ದೇಶಕರು.

ಬೇಕೆಂದು ಹಂಬಲಿಸಿದ ನಾಯಕಿ ಸಿಕ್ಕಿದ್ದಳು, ಕುರುಡಿ ಮಾತ್ರ ಕೈತಪ್ಪಿದ್ದಳು. ಬೇಡ ಅನ್ನಲು ಬಾಯಿ ಬರಲಿಲ್ಲ. ನಾದಿನಿ ಮತ್ತೆ ನನ್ನ ಹಿಂದೆ ಬಂದು ನಿಂತಳು. ಮೊದಲ ಸಾಲಿಗೆ ಭುಜ ತಟ್ಟಿದಾಗ ಉಗುರು ತಾಗಿತು. ಎರಡನೆಯದಕ್ಕೂ ತಾಗಿತು. ಅದು ಯಾವ ಉಗುರು ಎಂದು ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ, ಇಷ್ಟು ದಿನ ನನ್ನೊಳಗೇ ಪರಚುತ್ತಿತ್ತಲ್ಲ.

ಆ ಕಂತು ಬಂದ ಸಂಜೆ ಮೂವರೂ ಟಿವಿಯ ಮುಂದಿದ್ದೆವು. ಮಗಳಿಗೆ ಪಾತ್ರ ತಪ್ಪಿತೆಂದು ಗೊಣಗುತ್ತಿದ್ದ ಅತ್ತೆ ನನ್ನ ಮೊದಲ ಮಾತಿಗೇ ಸುಮ್ಮನಾದರು. ಮದುವೆಯಾಗಿ ಬಂದಂದಿನಿಂದ ಅವರ ಬಾಯಲ್ಲಿ ಕೇಳದ ಮಾತು ಆಗ ಬಂತು.

"ಹೇಳಬಾರದು, ಇವಳಿಗಿಂತ ನೀನೇ ಚೆನ್ನಾಗಿ ಮಾಡಿದ್ದೀಯ. ದನಿ ಕೇಳಿದ್ರೇ ಗೊತ್ತಾಗುತ್ತೆ, ಕಣ್ಣು ಬಂದಿದೆ ಅಂತ."

ನಾದಿನಿ ಕುರ್ಚಿಯಲ್ಲಿ ಮಗ್ಗುಲು ಬದಲಿಸಿದಳು. ಆ ಹೊಗಳಿಕೆಯನ್ನು ಹಾಗೇ ಇಟ್ಟುಕೊಳ್ಳಬಹುದಿತ್ತು. ಹಾಳು ಬಾಯಿ, ಕೇಳಬೇಕಲ್ಲ.

"ಅತ್ತೆ, ಆವತ್ತು ಕುರುಡಿ ಪಾತ್ರಕ್ಕೂ ಇದೇ ದನೀಲಿ ಹೇಳಿದ್ದೆ."

"ಅದಕ್ಕೇ ಸಿಗಲಿಲ್ಲ ಬಿಡು" ಅಂದರು ಅತ್ತೆ. "ಕುರುಡರು ಎಲ್ಲಾದ್ರೂ ಹೀಗೆ ಮಾತಾಡ್ತಾರಾ? ನೀನೇ ಹೇಳು."