ಅಕ್ಕನ ಪದ್ಯ, ತಂಗಿಯ ಬಾಯಿ

ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು ಕೂಗುವವಳಿಗೆ ಮರೆವೇ ಕಸುಬು. ಒಂದೊಂದು ಬಸ್ಸನ್ನೂ ಮೂರು ಸಲ ಕೂಗಬೇಕು, ಕೂಗಿದ ಕೂಡಲೇ ತಲೆಯಿಂದ ಗುಡಿಸಿ ಹಾಕಬೇಕು. ಹೋದ ಬಸ್ಸು ನಾಲಿಗೆಯ ಮೇಲೆ ಉಳಿದರೆ ಮುಂದಿನ ಬಸ್ಸಿನ ಜನ ದಿಕ್ಕು ತಪ್ಪುತ್ತಾರೆ. ಇಂಥವಳ ಪಾಲಿಗೆ ಪದ್ಯ ಬಾಯಿಪಾಠ ಮಾಡುವ ಕೆಲಸ ಬಂದು ಬಿತ್ತು.

ಪದ್ಯ ಅವಳ ಅಕ್ಕನದು. ಗ್ರಂಥಾಲಯದ ಕವಿಗೋಷ್ಠಿಗೆ ಆಯ್ಕೆಯಾಗಿತ್ತು. ಕಾಗದ ನೋಡಿ ಓದುವಂತಿಲ್ಲ ಎಂಬುದು ಅಲ್ಲಿಯ ಕಟ್ಟಳೆ. ಅಷ್ಟರಲ್ಲಿ ಅಕ್ಕನ ಗಂಟಲಿಗೆ ಆಪರೇಷನ್ ಆಯಿತು.

"ಗಾಯ ಮಾಯೋವರೆಗೂ ಪಿಸುಮಾತೂ ಬೇಡ. ಒಂದಕ್ಷರ ಆಡಿದ್ರೂ ಧ್ವನಿ ವಾಪಸ್ ಬರುತ್ತೆ ಅಂತ ನಾನು ಹೇಳಲಾರೆ" ಎಂದಿದ್ದರು ಡಾಕ್ಟರು. ಅಕ್ಕನ ಬದಲು ತಂಗಿಯೇ ಪದ್ಯ ಹೇಳುವುದೆಂದಾಯಿತು.

"ನಿನ್ನ ಗಂಟಲಿಗೆ ಇಡೀ ನಿಲ್ದಾಣ ನಡುಗುತ್ತೆ. ಒಂದು ಪದ್ಯಕ್ಕೆ ಹೆದರ್ತೀಯಾ?" ಎಂದು ಭಾವ ನಕ್ಕರು.

ಪುಣ್ಯಾತ್ಮನಿಗೆ ಏನು ಗೊತ್ತು? ತಂಗಿಗೆ ಭಯವಿದ್ದದ್ದು ಸಭೆಯದಲ್ಲ, ಅಕ್ಕನದು. ಅಕ್ಕ ಶಾಲೆಯ ಟೀಚರು. ಪದ್ಯ ಒಪ್ಪಿಸುವ ಮಗು ತಡವರಿಸಿದರೆ ಸಾಕು, ಮುಂದಿನ ಪದ ಅವಳ ಬಾಯಿಂದ ತಾನಾಗಿ ಉದುರುತ್ತಿತ್ತು. ತಡೆದುಕೊಳ್ಳುವುದು ಅವಳ ಹುಟ್ಟುಗುಣದಲ್ಲೇ ಇಲ್ಲ. ನಾಳೆ ತಾನು ವೇದಿಕೆಯ ಮೇಲೆ ತಡವರಿಸಿದರೆ?

"ಅಕ್ಕಾ, ನೀನು ಮನೇಲೇ ಇದ್ಬಿಡೇ" ಎಂದು ಗೋಗರೆದಳು. ಅಕ್ಕ ಕಣ್ಣಲ್ಲೇ ಸುಟ್ಟುಬಿಡುವಂತೆ ನೋಡಿ, ಸೀರೆಗೆ ಇಸ್ತ್ರಿ ಹಾಕತೊಡಗಿದಳು.

ತಂಗಿ ಪಾತ್ರೆ ತೊಳೆಯುತ್ತಾ, ಬಟ್ಟೆ ಹಿಂಡುತ್ತಾ ಪದ್ಯ ಹೇಳಿಕೊಂಡಳು. ಹೇಳಿದ್ದು ಹೇಳಿದಂತೆಯೇ ಹಾರಿ ಹೋಗುತ್ತಿತ್ತು. ಮೂರು ಸಲ ಹೇಳಿದಳೋ, ತಲೆ ಖಾಲಿ. ಅನ್ನ ಕೊಟ್ಟ ಕಸುಬೇ ಕೈ ಕೊಟ್ಟಿತ್ತು.

ಮರುದಿನ ಸಭಾಂಗಣದಲ್ಲಿ ಅಕ್ಕ ಮೊದಲ ಸಾಲಿನ ನಟ್ಟನಡುವೆ ಕೂತಳು. ತಂಗಿ ವೇದಿಕೆ ಹತ್ತಿದಳು. ಹೇಗೋ ಶುರು ಮಾಡಿದಳು:

"ಬಾಗಿಲ ಹಿಂದೆ ನಿಂತವಳಿಗೆ
ಹೊರಗಿನ ಹೆಜ್ಜೆಗಳೆಲ್ಲಾ ಗೊತ್ತು;
ಬಾರದವನ ಹೆಜ್ಜೆಯೂ ಗೊತ್ತು..."

ಅರ್ಧ ಪದ್ಯ ನೀರು ಕುಡಿದಷ್ಟು ಸಲೀಸಾಗಿ ಬಂತು. ಸಭೆ ತಲೆದೂಗಿತು. ಆಮೇಲೆ ನಿಂತೇ ಹೋಯಿತು. ಮುಂದಿನ ಸಾಲು ನಾಲಿಗೆಯ ತುದಿಯಲ್ಲೂ ಇರಲಿಲ್ಲ. ಯಾರೋ ಕೆಮ್ಮಿದರು. ಅವಳು ಕೆಳಗೆ ನೋಡಿದಳು. ಅಕ್ಕ ಕುರ್ಚಿಯ ತುದಿಗೆ ಸರಿದಿದ್ದಳು. ಕುತ್ತಿಗೆಯ ಪಟ್ಟಿಯ ಮೇಲೆ ಗಲ್ಲ ಎತ್ತಿದ್ದಳು. ತುಟಿಗಳು ತೆರೆದುಕೊಳ್ಳುತ್ತಿದ್ದವು.

ತಂಗಿಯ ಜೀವ ಬಾಯಿಗೆ ಬಂತು. ಏನಾದರೂ ಹೇಳಬೇಕು, ಈಗಲೇ ಹೇಳಬೇಕು. ಬಾಯಿ ತೆರೆದರೆ ಬಂದದ್ದು ಅವಳಿಗೆ ಬರುವುದೊಂದೇ.

"ಕಾದು ಕುಳಿತವರು ದಯವಿಟ್ಟು ಗಮನಿಸಿ. ಬರಬೇಕಾದದ್ದು ತಡವಾಗಿದೆ. ಯಾರೂ ಎದ್ದು ನಿಲ್ಲಬೇಡಿ. ಯಾರೂ ಬಾಯಿ ತೆರೆಯಬೇಡಿ. ಇದ್ದಲ್ಲೇ ಇರಿ, ಬಂದೇ ಬರುತ್ತದೆ."

ಅಕ್ಕನ ಬಾಯಿ ಮುಚ್ಚಿತು. ಬೆಚ್ಚಿಬಿದ್ದು ಮುಚ್ಚಿತೋ, ಸಿಟ್ಟಿಗೆ ಮುಚ್ಚಿತೋ. ಮತ್ತೆ ತೆರೆದೀತೆಂಬ ದಿಗಿಲಿಗೆ ತಂಗಿ ಅದನ್ನೇ ಮೂರು ಸಲ ಹೇಳಿದಳು. ಮೂರನೆಯ ಸಲ ಧ್ವನಿ ಒಡೆದು ಅಳುವಾಯಿತು.

ಸಭೆ ಎದ್ದು ಚಪ್ಪಾಳೆ ತಟ್ಟಿತು. "ಕೊನೆಯ ಸಾಲುಗಳಂತೂ!" ಎಂದು ಗ್ರಂಥಪಾಲಕರು ಕಣ್ಣೊರೆಸಿಕೊಂಡರು. ಅವಳಿಗೆ ಅದೊಂದೂ ಬೇಕಿರಲಿಲ್ಲ. ಮೆಟ್ಟಿಲಿಳಿದು ಅಕ್ಕನ ಹತ್ತಿರ ಓಡಿದಳು.

"ಅಕ್ಕಾ, ಮಾತಾಡಿದ್ಯಾ? ಒಂದಕ್ಷರ? ನಿಜ ಹೇಳು... ಬೇಡ ಬೇಡ, ಹೇಳ್ಬೇಡ, ತಲೆ ಅಲ್ಲಾಡ್ಸು!"

ಅಕ್ಕ ಇಲ್ಲವೆಂದು ತಲೆಯಾಡಿಸಿದಳು. ಕಣ್ಣು ಕೆಂಡವಾಗಿದ್ದವು. ವರ್ಷಗಟ್ಟಲೆ ತಿದ್ದಿದ ಪದ್ಯ ಅರ್ಧಕ್ಕೇ ಸತ್ತಿತ್ತು. ಕೇಳಿದವರಲ್ಲಿ ಅದು ಅವಳೊಬ್ಬಳಿಗೇ ಗೊತ್ತಿತ್ತು. ತಂಗಿಯ ತೋಳು ಹಿಡಿದು, ಉಗುರು ನೆಟ್ಟು, ಬಲವಾಗಿ ಚಿವುಟಿದಳು.

ತಂಗಿ ತೋಳು ಎಳೆದುಕೊಳ್ಳಲಿಲ್ಲ. "ಚಿವುಟು. ಇನ್ನೂ ಜೋರಾಗಿ ಚಿವುಟು. ಬಾಯಿ ಮಾತ್ರ ತೆಗೀಬೇಡ, ನನ್ನವ್ವ" ಎಂದಳು.