ತೊಟ್ಟಿಯ ಮೇಲಿನ ಹಲಗೆ

"ಏಯ್ ಮುಂಡೇದೆ, ಹಲಗೆ ಗಟ್ಟಿಯಾಗಿ ಹಿಡಿಯೇ! ನನ್ನ ಶೂ ಮೇಲೆ ಒಂದು ಹನಿ ಸಿಡಿದ್ರೂ ನಿನ್ನ ನಾಲಿಗೇಲೇ ಒರೆಸಿಸ್ತೀನಿ."

ಧಣಿ ಹೀಗೆ ಹೇಳುವುದು ಸಿಟ್ಟು ಬಂದಾಗಲ್ಲ. ಇದು ಅವರ ಬೆಳಗಿನ ಕುಶಲ ವಿಚಾರಣೆ. ನಾನು ಔಷಧಿ ನೀರಿನ ತೊಟ್ಟಿಯೊಳಗೆ ನಿಂತು, ಬಗ್ಗಿ, ಎರಡೂ ಕೈಯಿಂದ ಹಲಗೆಯನ್ನು ಅದುಮಿ ಹಿಡಿದೆ. ಅವರು ಮೂರು ಹೆಜ್ಜೆಯಲ್ಲಿ ದಾಟಿ ಒಳಗೆ ಹೋದರು.

ನಮ್ಮದು ಹಂದಿ ಫಾರಂ. ನಮ್ಮದು ಎನ್ನುವುದು ಬಾಯಿಮಾತಿಗೆ. ಗೇಟಿನ ಒಳಗೆ ಕಾಲಿಟ್ಟ ಕೂಡಲೇ ಈ ಗೋಡೆಯಿಂದ ಆ ಗೋಡೆಯವರೆಗೆ ಒಂದು ಸಿಮೆಂಟಿನ ತೊಟ್ಟಿ. ಅದರಲ್ಲಿ ಪಾದ ಮುಳುಗುವಷ್ಟು ಔಷಧಿ ನೀರು. ಮೇಲೆ ಗೋಡೆಯಲ್ಲಿ ಕೆಂಪು ಬಣ್ಣದಲ್ಲಿ ಬರೆಸಿದ್ದಾರೆ: "ಕಾಲು ಅದ್ದದೆ ಯಾರೂ ಒಳಗೆ ಬರಕೂಡದು." ಯಾರೂ ಅಂದರೆ ನಾವು ಇಪ್ಪತ್ತೇಳು ಜನ.

ಹೊರಗಿನಿಂದ ರೋಗ ಒಳಗೆ ಬರಬಾರದು, ಅದಕ್ಕೇ ಇಷ್ಟೆಲ್ಲ. ಚಪ್ಪಲಿ ಗೇಟಿನ ಹೊರಗೆ ಬಿಡಬೇಕು. ಬರಿಗಾಲಲ್ಲಿ ತೊಟ್ಟಿಗಿಳಿದು ಸಾಲಾಗಿ ನಿಂತು ಒಂದರಿಂದ ಅರವತ್ತರವರೆಗೆ ಗಟ್ಟಿಯಾಗಿ ಎಣಿಸಬೇಕು. ಎಣಿಕೆ ತಪ್ಪಿದರೆ ಮೇಸ್ತ್ರಿ ಸೀಟಿ ಊದುತ್ತಾನೆ, ಮತ್ತೆ ಒಂದರಿಂದ ಶುರು. ಆಮೇಲೆ ಸ್ನಾನ, ಫಾರಂ ಬಟ್ಟೆ, ಫಾರಂ ಬೂಟು. ಅಷ್ಟರಲ್ಲಿ ಮೇಸ್ತ್ರಿ ನಮ್ಮ ಊಟದ ಡಬ್ಬಿಗಳನ್ನು ತೆಗೆದು ಬೆರಳು ಹಾಕಿ ತಿರುವಿ ನೋಡುತ್ತಾನೆ. ಹಂದಿಮಾಂಸದಲ್ಲೂ ರೋಗ ಬರುತ್ತದಂತೆ. ನಮ್ಮ ಡಬ್ಬಿಯಲ್ಲಿ ಮಾಂಸ ಇರಬಹುದು ಎಂದು ಇನ್ನೂ ನಂಬಿದವನು ಈ ಲೋಕದಲ್ಲಿ ಅವನೊಬ್ಬನೇ.

ಔಷಧಿ ಬೆರೆಸುವುದು, ನೀರು ಕೆಸರಾದರೆ ಬದಲಿಸುವುದು, ಧಣಿ ಬಂದಾಗ ಹಲಗೆ ಹಾಸುವುದು ನನ್ನ ಕೆಲಸ. ನನ್ನ ಪಾದದ ಚರ್ಮ ಈರುಳ್ಳಿ ಸಿಪ್ಪೆಯಂತೆ ಸುಲಿಯುತ್ತದೆ. ಔಷಧಿಯ ವಾಸನೆ ಧಣಿಗೆ ಆಗುವುದಿಲ್ಲ, ಅದಕ್ಕೆ ಹಲಗೆಯನ್ನು ಬರೀ ನೀರಲ್ಲಿ ತೊಳೆಯಬೇಕು. ಬಿಸಿಲಿಗೆ ಬಿಟ್ಟರೆ ಸೊಟ್ಟಗಾಗುತ್ತದೆ, ಅದಕ್ಕೆ ಒಳಗೆ ತಂದು ಮೊದಲನೇ ಕೊಟ್ಟಿಗೆಯ ಕಂಬಿಗೆ ಒರಗಿಸಿಡಬೇಕು. ಆ ಕೊಟ್ಟಿಗೆಯ ಹಂದಿಗಳು ಕಂಬಿಯ ಸಂದಿಯಿಂದ ಮೂತಿ ಹೊರಹಾಕಿ ಹಲಗೆಯ ತುದಿಯನ್ನು ಕಡಿಯುತ್ತಿದ್ದವು. ನಾನು ನೋಡುತ್ತಿದ್ದೆ. ಕಡೀಲಿ ಬಿಡು, ಅವಕ್ಕೂ ಹೊತ್ತು ಹೋಗಬೇಕಲ್ಲ ಎಂದುಕೊಂಡು ನಗುತ್ತಲೂ ಇದ್ದೆ.

ಫಾರಂನಲ್ಲಿ ದುಡಿಯುವವರು ಮನೆಯಲ್ಲಿ ಹಂದಿ ಸಾಕಬಾರದು. ಇದೂ ಒಂದು ನಿಯಮ. ನನ್ನ ಮನೆಯಲ್ಲಿ ಒಂದು ಹಂದಿ ಇತ್ತು. ಎರಡು ವರ್ಷದ ಹಿಂದೆ ಅಂಗೈಯಷ್ಟೇ ಇದ್ದ ಒಂದು ಬಡಕಲು ಮರಿಯನ್ನು ಧಣಿಯೇ ನನ್ನ ಕೈಗೆ ಕೊಟ್ಟು, "ಇದನ್ನ ಬಿಸಾಕು" ಅಂದಿದ್ದರು. ನಾನು ನಮ್ಮ ಹಿತ್ತಲಿಗೆ ಬಿಸಾಕಿದೆ. ಗಂಡ ನನ್ನನ್ನು ಬಿಟ್ಟು ಹೋದ ಮೇಲೆ ಮನೆಯಲ್ಲಿ ಉಳಿದವರು ನಾನು, ನನ್ನ ಅತ್ತೆ. ಅತ್ತೆ ಆ ಮರಿಗೆ ತನ್ನ ಪಾಲಿನ ಗಂಜಿ ಕುಡಿಸಿ ಬೆಳೆಸಿದಳು. ಅದನ್ನು ಕಿರಿಸೊಸೆ ಎಂದೇ ಕರೆಯುವಳು.

"ದೊಡ್ಡವಳಿಗೆ ಬರೀ ಬಾಯಿ. ಚಿಕ್ಕವಳು ನೋಡು, ಹಾಕಿದ್ದು ತಿಂದು ಬಿದ್ಕೊಂಡಿರ್ತಾಳೆ. ಒಂದಿನಕ್ಕಾದ್ರೂ ಎದುರು ಮಾತಾಡಿದ್ದಾಳಾ?"

ಈಗ ಕಿರಿಸೊಸೆ ತುಂಬಿದ ಬಸುರಿ. ಅತ್ತೆ ದಿನವೂ ಅದರ ಹೊಟ್ಟೆ ಸವರಿ ಮರಿಗಳನ್ನು ಲೆಕ್ಕ ಹಾಕುತ್ತಿದ್ದಳು. ಒಂದು ದಿನ ಎಂಟು ಅನ್ನುವಳು, ಒಂದು ದಿನ ಹನ್ನೊಂದು. ಮರಿಗಳು ಮಾರಾಟವಾದರೆ ನಾನು ಆ ತೊಟ್ಟಿಯಿಂದ ಮೇಲೆ ಬರಬಹುದು ಎಂಬ ಆಸೆ ಇಬ್ಬರಿಗೂ ಇತ್ತು. ನಾವಿಬ್ಬರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ಆಗ ಪಕ್ಕದ ಸೀಮೆಯಲ್ಲಿ ಹಂದಿಗಳಿಗೆ ಜ್ವರ ಬಿದ್ದ ಸುದ್ದಿ ಬಂತು. ಮನುಷ್ಯರಿಗೆ ಬರುವಂಥದ್ದಲ್ಲ, ಆದರೆ ಹಂದಿಗೆ ಬಂದರೆ ಮದ್ದೂ ಇಲ್ಲ, ಸೂಜಿಯೂ ಇಲ್ಲ. ಧಣಿ ನಮ್ಮನ್ನು ಸಾಲಾಗಿ ನಿಲ್ಲಿಸಿದರು.

"ನಿಮ್ಮಂಥ ಕೊಳಕು ನನ್ಮಕ್ಳಿಂದಲೇ ಕಣ್ರೋ ರೋಗ ಬರೋದು. ಇವತ್ತಿಂದ ಅರವತ್ತಲ್ಲ, ನೂರಿಪ್ಪತ್ತು ಎಣಿಸ್ಬೇಕು."

ನಾವು ಎರಡು ಸಲ ಅರವತ್ತು ಎಣಿಸತೊಡಗಿದೆವು. ನೂರರಾಚೆ ಎಣಿಸಲು ನಮ್ಮಲ್ಲಿ ಅರ್ಧ ಜನಕ್ಕೆ ಬರುತ್ತಿರಲಿಲ್ಲ.

ಅದಾದ ನಾಲ್ಕನೇ ದಿನ ಧಣಿಯ ಕಾರು ತಡವಾಗಿ ಬಂತು. ಅವರ ಶೂಗಳಿಗೆ ಅಂಟುಮಣ್ಣು ಮೆತ್ತಿತ್ತು. ಡ್ರೈವರಣ್ಣ ಕಿಟಕಿಯಿಂದ ಬಗ್ಗಿ ನನಗಷ್ಟೇ ಕೇಳುವಂತೆ ಹೇಳಿದ, "ಅಕ್ಕಾ, ಜ್ವರ ಬಿದ್ದ ಕಡೇನೇ ಹೋಗಿದ್ವಿ. ಅಲ್ಲಿ ಹಂದಿ ಅಗ್ಗಕ್ಕೆ ಸಿಗುತ್ತೆ ಅಂತ ನೋಡೋಕೆ. ಕೊಟ್ಟಿಗೆ ಒಳಗೆಲ್ಲಾ ತಿರುಗಾಡಿ ಬಂದ್ರು."

ನಾನು ಹಲಗೆ ಹಾಸಲಿಲ್ಲ. "ಧಣೀ, ಇವತ್ತೊಂದಿನ ಕಾಲು ಅದ್ದಿ ಬನ್ನಿ" ಅಂದೆ.

ಇಪ್ಪತ್ತಾರು ಜನ ಕೇಳುತ್ತಿದ್ದರು. ಧಣಿಗೆ ಮೊದಲು ನಗು ಬಂತು.

"ಏನಂದೆ? ನನ್ನ ಕಾಲಿಗೆ ರೋಗಾನಾ? ಈ ಶೂ ರೇಟು ಗೊತ್ತೇನೇ ನಿಂಗೆ? ನಿನ್ನನ್ನ, ನಿನ್ನ ಅತ್ತೇನ ಇಬ್ಬರ್ನೂ ತೂಕಕ್ಕೆ ಹಾಕಿದ್ರೂ ಬರಲ್ಲ. ಹಾಸೇ ಹಲಗೇನ!"

ಹಾಸಿದೆ. ಅವರು ಹಲಗೆಯ ನಡುವೆ ನಿಂತು, ಎಡಗಾಲು ಒಮ್ಮೆ ಬಲಗಾಲು ಒಮ್ಮೆ, ಶೂಗೆ ಮೆತ್ತಿದ ಮಣ್ಣನ್ನು ಹಲಗೆಯ ಅಂಚಿಗೆ ಚೆನ್ನಾಗಿ ಉಜ್ಜಿದರು. ನನ್ನ ಕೈಬೆರಳು ಅಲ್ಲೇ ಇತ್ತು. ಆಮೇಲೆ ಒಳಗೆ ಹೋದರು. ನಾನು ಹಲಗೆಯನ್ನು ಎಂದಿನಂತೆ ಬರೀ ನೀರಲ್ಲಿ ತೊಳೆದೆ. ಎಂದಿನಂತೆ ಮೊದಲನೇ ಕೊಟ್ಟಿಗೆಗೆ ಒರಗಿಸಿಟ್ಟೆ.

ಅದಾಗಿ ಎಂಟನೇ ದಿನ ಮೊದಲನೇ ಕೊಟ್ಟಿಗೆಯಲ್ಲಿ ಒಂದು ಹಂದಿ ಮೇವಿಗೆ ಏಳಲಿಲ್ಲ. ಕಿವಿಯ ತುದಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಮರುದಿನ ಆ ಕೊಟ್ಟಿಗೆಯ ಹಂದಿಗಳೆಲ್ಲ ಒಂದರ ಮೇಲೊಂದು ರಾಶಿ ಬಿದ್ದು ನಡುಗುತ್ತಿದ್ದವು. ನಾನು ಹಲಗೆಯ ಕಡಿದ ತುದಿಯನ್ನು ನೋಡಿದೆ. ಹಲ್ಲಿನ ಗುರುತು ಹಸಿಯಾಗಿತ್ತು, ಸೀಳಿನಲ್ಲಿ ಆ ಮಣ್ಣು ಇನ್ನೂ ಇತ್ತು. ರೋಗ ತಂದದ್ದು ಅವರ ಶೂ. ಅದನ್ನು ಹಂದಿಯ ಬಾಯಿಗೆ ತಲುಪಿಸಿದ್ದು ನನ್ನ ಈ ಎರಡು ಕೈ.

ಸರ್ಕಾರದ ಡಾಕ್ಟರು ಬಂದರು, ಚಿಕ್ಕ ವಯಸ್ಸಿನವರು. ಅವರು ತೊಟ್ಟಿಯಲ್ಲಿ ಕಾಲು ಅದ್ದಿ, ನಮ್ಮ ಹಾಗೆ ಬೂಟು ಹಾಕಿಕೊಂಡು ಬಂದರು. ನಾವು ಅವರನ್ನು ಬೆರಗಿನಿಂದ ನೋಡಿದೆವು.

"ಮೊದಲು ಯಾವ ಕೊಟ್ಟಿಗೇಲಿ ಶುರುವಾಯ್ತು?"

"ಮೊದಲನೇದ್ರಲ್ಲಿ ಸಾರ್," ಅಂದ ಮೇಸ್ತ್ರಿ.

"ಅಲ್ಲಿ ಹೊರಗಿಂದ ಬಂದಿದ್ದು ಏನಾದ್ರೂ ಇತ್ತಾ?"

"ಏನೂ ಇಲ್ಲ ಸಾರ್."

ಹಲಗೆಯನ್ನು ಮೇಸ್ತ್ರಿ ಬೆಳಿಗ್ಗೆಯೇ ಮೇವಿನ ಚೀಲಗಳ ಹಿಂದೆ ಸರಿಸಿದ್ದ. ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಮುಂದುವರಿಸಿದ, "ಆದ್ರೆ ಇವಳ ಮನೇಲಿ ಒಂದು ಹಂದಿ ಇದೆ ಸಾರ್." ಎರಡು ವರ್ಷ ಅವನಿಗೆ ಅದು ಗೊತ್ತಿತ್ತು.

ಸಂಜೆ ನನ್ನನ್ನು ಆಫೀಸಿಗೆ ಕರೆದರು. ನೆಲ ಹಾಳಾಗುತ್ತದೆಂದು ಒಂದು ಗೋಣಿಚೀಲ ಹಾಸಿ ಅದರ ಮೇಲೆ ನಿಲ್ಲಿಸಿದರು. ಮೇಸ್ತ್ರಿ ಕಾಗದ ಓದಿದ: ನಾನು ಕದ್ದು ಹಂದಿ ಸಾಕಿದ್ದು ನಿಜ, ಹಲವು ದಿನ ತೊಟ್ಟಿಯಲ್ಲಿ ಕಾಲು ಅದ್ದದೆ ಫಾರಂಗೆ ಬಂದದ್ದು ನಿಜ.

"ನಾನು ತೊಟ್ಟಿಯೊಳಗೇ ನಿಂತಿರೋಳು ಧಣೀ. ಅದ್ದದೆ ಹೆಂಗೆ ಬರ್ಲಿ?"

"ಬಾಯಿ ಮುಚ್ಚೇ. ತಪ್ಪು ನಂದು ಅಂತಾದ್ರೆ ಫಾರಂ ಮುಚ್ಚಿಸ್ತಾರೆ. ನೀವು ಇಪ್ಪತ್ತೇಳು ಜನಾನೂ ಬೀದಿಪಾಲಾಗ್ತೀರಿ. ತಪ್ಪು ನಿಂದು ಅಂತಾದ್ರೆ ಇಲ್ಲಿರೋ ಹಂದಿ ಕೊಂದು ಫಾರಂ ತೊಳೆಸ್ತಾರೆ, ಅಷ್ಟೆ." ಧಣಿಯ ದನಿ ಮೆತ್ತಗಾಯಿತು. "ನಿನ್ನ ಹಂದಿ ಬಸುರಿಯಂತೆ. ಉಳೀಬೇಕೋ ಬೇಡ್ವೋ?"

"ಉಳೀಬೇಕು."

"ಡಾಕ್ಟ್ರಿಗೆ ನಾನು ಹೇಳ್ತೀನಿ. ಸಹಿ ಹಾಕು."

ಅವರು ನನ್ನ ಜೊತೆ ಮೆತ್ತಗೆ ಮಾತಾಡಿದ್ದು ಅದೇ ಮೊದಲು. ನಾನು ಸಹಿ ಹಾಕಿದೆ. ಅಕ್ಷರ ಚೆನ್ನಾಗಿಯೇ ಬಂತು.

ಮರುದಿನ ಬೆಳಿಗ್ಗೆ ನಮ್ಮ ಹಿತ್ತಲಿಗೆ ಡಾಕ್ಟರು ಬಂದರು. ಜೊತೆಗೆ ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ತೊಟ್ಟ ಇಬ್ಬರು. ಅತ್ತೆ ಕಿರಿಸೊಸೆಯ ಮುಂದೆ ಅಡ್ಡ ಕೂತಳು.

"ಮೈ ಮುಟ್ಟಿ ನೋಡಪ್ಪಾ. ಜ್ವರ ಇದ್ಯಾ?"

ಡಾಕ್ಟರು ಜ್ವರ ನೋಡುವ ಕಡ್ಡಿ ಇಟ್ಟು ನೋಡಿದರು. ಕಿವಿ ನೋಡಿದರು, ಕಣ್ಣು ನೋಡಿದರು. "ಜ್ವರ ಇಲ್ಲಮ್ಮ."

"ಮತ್ತೆ?"

"ರೋಗ ಇಲ್ಲಿಂದಲೇ ಹೋಗಿದ್ದು ಅಂತ ನಿಮ್ಮ ಸೊಸೇನೇ ಬರ್ಕೊಟ್ಟಿದ್ದಾಳೆ. ಬರ್ಕೊಡದೇ ಇದ್ದಿದ್ರೆ ರಕ್ತ ಪರೀಕ್ಷೆಗೆ ಕಳಿಸಿ ಕಾಯಬಹುದಿತ್ತು. ಈಗ ನನ್ನ ಕೈಲಿಲ್ಲ."

ಅತ್ತೆ ತಿರುಗಿ ನನ್ನನ್ನು ನೋಡಿದಳು. ಬಯ್ಯಲಿಲ್ಲ. ಇಷ್ಟು ವರ್ಷದಲ್ಲಿ ಅವಳು ನನ್ನನ್ನು ಬಯ್ಯದೆ ಬಿಟ್ಟದ್ದು ಅದೊಂದೇ ಸಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಅವಳೇ ಒಂದು ಬೊಗಸೆ ತೌಡು ಹಿಡಿದು ಕೂತಳು. ಕಿರಿಸೊಸೆ ಅದನ್ನು ತಿನ್ನುತ್ತಿರುವಾಗ ಸೂಜಿ ಚುಚ್ಚಿದರು. ಎದುರು ಮಾತಾಡಲಿಲ್ಲ. ಮುಂಗಾಲು ಮಡಿಸಿ, ಮಲಗಿ, ಸತ್ತಳು. ಸತ್ತ ಮೇಲೂ ಹೊಟ್ಟೆ ಸ್ವಲ್ಪ ಹೊತ್ತು ಅಲುಗುತ್ತಿತ್ತು. ಬಿಳಿ ಬಟ್ಟೆಯವರಲ್ಲಿ ಒಬ್ಬ ಕೈಗಡಿಯಾರ ನೋಡಿಕೊಂಡ. ಅಲುಗಾಟ ನಿಂತ ಮೇಲೆ ಲಾರಿಗೆ ಹಾಕಿದರು.

ಫಾರಂ ಹಿಂದೆ ಜೆಸಿಬಿ ತೋಡಿದ ಗುಂಡಿಯಲ್ಲಿ ಅಲ್ಲಿಯ ಹಂದಿಗಳೆಲ್ಲ ಸುಣ್ಣ ಬಳಿದುಕೊಂಡು ಮಲಗಿದ್ದವು. ಕಿರಿಸೊಸೆಯನ್ನೂ ಅಲ್ಲಿಗೇ ಉರುಳಿಸಿದರು. ಡಾಕ್ಟರು ಕೂಗಿ ಹೇಳುತ್ತಿದ್ದರು, "ಮರ, ಹುಲ್ಲು, ಚೀಲ, ತೊಳೆದು ಶುದ್ಧ ಮಾಡೋಕಾಗದ್ದು ಏನಿದ್ರೂ ತಂದು ಹಾಕಿ. ರೋಗದ್ದು ಏನೂ ಮೇಲೆ ಉಳೀಬಾರದು."

ನಾನು ಮೇವಿನ ಕೋಣೆಗೆ ಹೋಗಿ, ಚೀಲ ಸರಿಸಿ, ಹಲಗೆಯನ್ನು ಹೆಗಲ ಮೇಲೆ ಹೊತ್ತು ತಂದೆ. ಮೇಸ್ತ್ರಿ ಸೀಟಿ ಬಾಯಿಗಿಟ್ಟುಕೊಂಡ, ಆದರೆ ಡಾಕ್ಟರ ಮುಂದೆ ಊದಲು ಧೈರ್ಯ ಬರಲಿಲ್ಲ.

"ಏನಮ್ಮ ಅದು?"

"ಧಣಿ ಒಳಗೆ ಬರೋಕೆ ಹಾಸ್ತಿದ್ದ ಹಲಗೆ ಸಾರ್. ತೊಟ್ಟಿ ಮೇಲೆ. ಮೊದಲನೇ ಕೊಟ್ಟಿಗೆ ಹತ್ರ ಇಡ್ತಿದ್ವಿ."

ಡಾಕ್ಟರು ಕಡಿದ ತುದಿಯನ್ನು ಬಹಳ ಹೊತ್ತು ನೋಡಿದರು. ಅವರ ವರದಿ ಆಗಲೇ ಮೇಲಿನವರಿಗೆ ಹೋಗಿತ್ತು. ಅವರ ಮುಖ ಸಣ್ಣಗಾಯಿತು. "ಹಾಕು" ಎಂದರು, ಅಷ್ಟೆ. ನಾನು ಅದನ್ನು ಕಿರಿಸೊಸೆಯ ಪಕ್ಕಕ್ಕೇ ಬೀಳುವಂತೆ ಎಸೆದೆ. ಜೆಸಿಬಿ ಮಣ್ಣು ನೂಕಿತು.

ಎರಡು ತಿಂಗಳು ಫಾರಂ ಖಾಲಿ ಇತ್ತು, ಧಣಿ ಅತ್ತ ಸುಳಿಯಲಿಲ್ಲ. ತೊಳೆದೆವು, ಸುಣ್ಣ ಬಳಿದೆವು, ಮತ್ತೆ ತೊಳೆದೆವು. ಆಮೇಲೆ ಹೊಸ ಮರಿಗಳ ಲಾರಿ ಬರುವ ದಿನ ಬಂತು. ಎಣಿಕೆ ನೂರಿಪ್ಪತ್ತರಿಂದ ಮತ್ತೆ ಅರವತ್ತಕ್ಕೆ ಇಳಿದಿತ್ತು. ಬೆಳಿಗ್ಗೆ ಇಪ್ಪತ್ತೇಳು ಜನವೂ ಚಪ್ಪಲಿ ಬಿಟ್ಟು ತೊಟ್ಟಿಗಿಳಿದು ಎಣಿಸುತ್ತಿದ್ದೆವು. ಮೂವತ್ತೆಂಟಕ್ಕೆ ಬಂದಾಗ ಧಣಿಯ ಕಾರು ನಿಂತಿತು. ಹಿಂದೆಯೇ ಲಾರಿ. ಧಣಿ ಹೊಸ ಶೂ ಹಾಕಿದ್ದರು. ಅವರು ಒಳಗೆ ಹೋಗಿ ಕಾಗದಕ್ಕೆ ಸಹಿ ಹಾಕದೆ ಮರಿಗಳನ್ನು ಇಳಿಸುವಂತಿರಲಿಲ್ಲ.

"ಹಲಗೆ ಎಲ್ಲೇ?"

"ಹೂತಾಯ್ತು ಧಣೀ. ರೋಗದ್ದು ಏನೂ ಮೇಲೆ ಉಳೀಬಾರದು ಅಂದ್ರು ಡಾಕ್ಟ್ರು."

"ಯಾರನ್ನ ಕೇಳಿ ಹೂತೆ, ಬೋಳಿ?"

"ಕಾಲು ಅದ್ದಿ ಬನ್ನಿ ಧಣೀ. ಬರೀ ಅರವತ್ತು ಎಣಿಸೋದು. ನಾವೇ ಎಣಿಸ್ತೀವಿ."

ಧಣಿಯ ಕುತ್ತಿಗೆ ಕೆಂಪಾಯಿತು. "ಹಲಗೆ ಇಲ್ಲ ಅಂದ್ರೆ ನೀನೇ ಬೋರಲು ಬೀಳೇ. ನಿನ್ನ ಬೆನ್ನ ಮೇಲೇ ದಾಟ್ತೀನಿ. ಬೀಳೇ! ಮಿಕ್ಕಿದವ್ರು ಈಚೆ ಬನ್ರೋ, ದಾರಿ ಬಿಡಿ!"

ಮೇಸ್ತ್ರಿ ಸೀಟಿ ಊದಿದ. ಸೀಟಿ ಊದಿದರೆ ಮತ್ತೆ ಒಂದರಿಂದ ಎಣಿಸಬೇಕು ಎಂಬುದು ನಿಯಮ. ನನ್ನ ಪಕ್ಕದಲ್ಲಿದ್ದ ಸಗಣಿ ಬಾಚುವ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಒಂದು" ಎಂದಳು.

"ಎರಡು" ಎಂದರು ಎಲ್ಲರೂ.

ಧಣಿ ಬೈಯುತ್ತಲೇ ಇದ್ದರು. ನಮ್ಮ ತಾಯಿ, ನಮ್ಮ ಹುಟ್ಟು, ನಮ್ಮ ಜಾತಿ, ಯಾವುದನ್ನೂ ಬಿಡಲಿಲ್ಲ. ಬೈಗುಳ ಕೇಳಿಸದಷ್ಟು ಜೋರಾಗಿ ನಾವು ಎಣಿಸಿದೆವು. ಈ ಗೋಡೆಯಿಂದ ಆ ಗೋಡೆಯವರೆಗೆ ಭುಜಕ್ಕೆ ಭುಜ ತಾಗಿಸಿ ನಿಂತಿದ್ದೆವು, ನಡುವೆ ಒಂದು ಹಲಗೆ ಹಾಸುವಷ್ಟೂ ಜಾಗ ಇರಲಿಲ್ಲ. ಲಾರಿಯಲ್ಲಿ ಮರಿಗಳು ಬಿಸಿಲಿಗೆ ಚೀರತೊಡಗಿದವು. ಡ್ರೈವರಣ್ಣ ಕಾರಿನಿಂದಿಳಿದು, ಚಪ್ಪಲಿ ಬಿಟ್ಟು ಬಂದು ತೊಟ್ಟಿಯೊಳಗೆ ಜಾಗ ಮಾಡಿಕೊಂಡು ನಿಂತ. ಧಣಿ ತೊಟ್ಟಿಯ ಅಂಚಿಗೆ ಬಂದು ಶೂ ನೋಡಿಕೊಂಡರು, ನೀರು ನೋಡಿದರು, ಮತ್ತೆ ಒಂದು ಹೆಜ್ಜೆ ಹಿಂದಕ್ಕೆ ಸರಿದರು.

"ಅರವತ್ತು" ಎಂದೆವು. ಯಾರೂ ಮೇಲೆ ಬರಲಿಲ್ಲ. ಪಾದ ಉರಿಯುತ್ತಿತ್ತು. ಎಲ್ಲರೂ ನನ್ನ ಕಡೆ ನೋಡಿದರು.

"ಒಂದು" ಎಂದೆ.